ಮೂರು ಲೈಬ್ರರಿ, ಒಂದು ಥೀಸಿಸ್: ಸೈಟೇಶನ್ ಕೀಗಳನ್ನು ಹೊಂದಿಸಿದ ಅನುಭವ

ಥೀಸಿಸ್ ಒಪ್ಪಿಸಿ ಆಯಿತು. ಇನ್ನೂ ತಲೆಯಲ್ಲಿ ಎಲ್ಲ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ, ಏಕೆಂದರೆ ನಮ್ಮ ವಿಭಾಗದಲ್ಲೇ ಈಗ ಲೇಟೆಕ್‌ನಲ್ಲಿ (ಕಮಾಂಡ್ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್) ಬರೆಯುತ್ತಿರುವ ಜೂನಿಯರ್‌ಗಳು ಇದ್ದಾರೆ, ಅವರಿಗೂ ಇದೇ ದಾರಿ ಕಾದಿದೆ.

ನನ್ನ ವಿಷಯ ತುಂಗಭದ್ರಾ ಅಚ್ಚುಕಟ್ಟಿನ ಜಮೀನುಗಳಲ್ಲಿ ಉಪ್ಪಿನ ಚಲನೆ. ಮಣ್ಣಿನ ಸ್ಯಾಂಪಲ್ ತೆಗೆದದ್ದು ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ. ಕೂತು ಬರೆದದ್ದು ಬಳ್ಳಾರಿಯಲ್ಲಿ. ಸಮೀಕರಣಗಳು ಹೆಚ್ಚಿದ್ದುದರಿಂದ ಗೈಡ್ ಮೊದಲೇ ಹೇಳಿದ್ದರು, ಲೇಟೆಕ್‌ನಲ್ಲೇ ಬರಿ ಎಂದು. ಸಮೀಕರಣಗಳ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ. ನನ್ನನ್ನು ಹೈರಾಣ ಮಾಡಿದ್ದು ರೆಫರೆನ್ಸ್‌ಗಳು.

ಗೊತ್ತಿಲ್ಲದವರಿಗೆ ಎರಡು ಮಾತು. ಲೇಟೆಕ್‌ನಲ್ಲಿ ನಾವು ಪಠ್ಯದೊಳಗೆ ಲೇಖಕರ ಹೆಸರು, ವರ್ಷ ಟೈಪ್ ಮಾಡುವುದಿಲ್ಲ. ಸೈಟ್ ಎಂಬ ಕಮಾಂಡ್ ಹಾಕಿ ಬ್ರ್ಯಾಕೆಟ್ಟಿನಲ್ಲಿ ಒಂದು ಕೀ ಕೊಡುತ್ತೇವೆ. ಅದೇ ಕೀ ಬಿಬ್ ಫೈಲಿನಲ್ಲಿ, ಅಂದರೆ ರೆಫರೆನ್ಸ್‌ಗಳ ವಿವರ ಇರುವ ಫೈಲಿನಲ್ಲಿ, ಯಾವ ಪುಸ್ತಕದ, ಯಾವ ಲೇಖನದ ತಲೆಯ ಮೇಲಿದೆಯೋ ಅದು ಪಟ್ಟಿಗೆ ಬರುತ್ತದೆ. ಆ ಪಟ್ಟಿ ಕಟ್ಟಿಕೊಡುವ ಬಿಬ್‌ಟೆಕ್ ಎಂಬ ಸಾಧನ ಬಂದ 1985ರಿಂದ ನಡೆದು ಬಂದಿರುವ ಪದ್ಧತಿ ಇದು. ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಕೆಲಸ ಆಗುತ್ತದೆ. ಇಲ್ಲದಿದ್ದರೆ ಪಿಡಿಎಫ್‌ನಲ್ಲಿ ದಪ್ಪಕ್ಷರದ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ.

ಬಿಬ್ ಫೈಲನ್ನು ಕೈಯಲ್ಲಿ ಬರೆಯುವವರು ಈಗ ಕಡಿಮೆ. ರೆಫರೆನ್ಸ್‌ಗಳನ್ನು ಲೈಬ್ರರಿಯಾಗಿ ಕೂಡಿಟ್ಟು ಬಿಬ್ ಫೈಲ್ ಮಾಡಿಕೊಡುವ ಸಾಫ್ಟ್‌ವೇರ್‌ಗಳಿವೆ. ನಾನು ಝೊಟೆರೊ ಬಳಸುತ್ತೇನೆ. ನಮ್ಮ ಗೈಡ್ ವರ್ಷಗಳಿಂದ ಮೆಂಡೆಲೆಯಲ್ಲಿ ಕೂಡಿಟ್ಟಿದ್ದಾರೆ. ಕೋ-ಗೈಡ್ ಮೇಡಂ ಅವರದು ಜ್ಯಾಬ್‌ರೆಫ್. ಮೂವರೂ ಸೇರಿ ಬರೆದ ಎರಡು ಪೇಪರ್‌ಗಳು ಮುಂದೆ ಥೀಸಿಸ್ಸಿನ ಅಧ್ಯಾಯಗಳಾದವು. ಒಂದಕ್ಕೆ ಸರ್ ಅವರ ಬಿಬ್ ಫೈಲ್, ಇನ್ನೊಂದಕ್ಕೆ ಮೇಡಂ ಅವರದು, ಉಳಿದ ಅಧ್ಯಾಯಗಳಿಗೆ ನನ್ನದು. ಬಿಡಿಬಿಡಿಯಾಗಿ ಇರುವಷ್ಟು ದಿನ ಯಾವ ತೊಂದರೆಯೂ ಇರಲಿಲ್ಲ. ಪ್ರೀ-ಸಬ್ಮಿಶನ್ ಸೆಮಿನಾರ್ ಮುಗಿದ ಮೇಲೆ ಎಲ್ಲವನ್ನೂ ಒಂದು ಥೀಸಿಸ್ ಮಾಡಲು ಹೋದಾಗ ಶುರುವಾಯಿತು.

ಮೊದಲ ಸಲ ಒಟ್ಟಿಗೆ ಕಂಪೈಲ್ ಮಾಡಿದ (ಬರೆದದ್ದನ್ನು ಪಿಡಿಎಫ್ ಆಗಿಸಿದ) ದಿನ ಎರಡು ಅಧ್ಯಾಯಗಳ ತುಂಬ ಪ್ರಶ್ನಾರ್ಥಕ ಚಿಹ್ನೆ. ಮೂರು ಬಿಬ್ ಫೈಲ್‌ಗಳನ್ನೂ ಒಟ್ಟಿಗೆ ಸೇರಿಸಿದರೆ ಚಿಹ್ನೆಗಳು ಹೋದವು, ಆದರೆ ಒಂದೇ ಲೇಖನ ಪಟ್ಟಿಯಲ್ಲಿ ಎರಡು ಸಲ, ಕೆಲವು ಮೂರು ಸಲ ಬಂದವು. ವ್ಯಾನ್ ಗೆನುಕ್ಟನ್ ಅವರ 1980ರ ಲೇಖನವನ್ನೇ ನೋಡಿ. ಮಣ್ಣಿನಲ್ಲಿ ನೀರಿನ ಚಲನೆ ಓದುವವರೆಲ್ಲ ಅದನ್ನು ಉಲ್ಲೇಖಿಸಲೇಬೇಕು. ಝೊಟೆರೊ ತಾನಾಗಿ ಕೊಡುವ ಕೀಯಲ್ಲಿ ಲೇಖಕರ ಕೊನೆಯ ಹೆಸರು, ಅಂಡರ್‌ಸ್ಕೋರ್, ಶೀರ್ಷಿಕೆಯ ಮೊದಲ ಮುಖ್ಯ ಪದ, ಮತ್ತೆ ಅಂಡರ್‌ಸ್ಕೋರ್, ವರ್ಷ. ಮೆಂಡೆಲೆಯಿಂದ ಬಂದದ್ದರಲ್ಲಿ ದೊಡ್ಡ ಅಕ್ಷರದಿಂದ ಶುರುವಾಗುವ ಹೆಸರು, ಅಂಟಿಕೊಂಡ ಹಾಗೆ ವರ್ಷ. ಗೂಗಲ್ ಸ್ಕಾಲರ್‌ನಿಂದ ನಕಲು ಮಾಡಿದ್ದರಲ್ಲಿ ಹೆಸರು, ವರ್ಷ, ಆಮೇಲೆ ಶೀರ್ಷಿಕೆಯ ಪದ. ಅದರ ಮೇಲೆ 'ವ್ಯಾನ್' ಎಂಬುದು ಹೆಸರಿನ ಭಾಗವೋ, ಹೆಸರಿನ ಹಿಂದೆ ಬರುವ ತುಣುಕೋ ಎಂಬುದನ್ನು ಒಂದೊಂದು ಕಡೆ ಒಂದೊಂದು ಥರ ತೀರ್ಮಾನಿಸಿತ್ತು. ಒಂದು ಲೇಖನ, ನಾಲ್ಕು ಕೀ.

ಅಮೆರಿಕದ ಸಲೈನಿಟಿ ಲ್ಯಾಬೊರೇಟರಿಯ 1954ರ ಹ್ಯಾಂಡ್‌ಬುಕ್ 60 ಇನ್ನೊಂದು ತಲೆನೋವು. ಚೌಳು ಭೂಮಿಯ ಬಗ್ಗೆ ಬರೆಯುವವರಿಗೆ ಅದು ಇಂದಿಗೂ ಬೇಕು. ಸರ್ ಅದನ್ನು ಸಂಪಾದಕ ರಿಚರ್ಡ್ಸ್ ಹೆಸರಿನಲ್ಲಿ ಇಟ್ಟಿದ್ದರು, ಮೇಡಂ ಸಂಸ್ಥೆಯ ಹೆಸರಿನಲ್ಲಿ. ಎರಡೂ ರೂಢಿಯಲ್ಲಿವೆ, ಎರಡೂ ತಪ್ಪಲ್ಲ. ಸಂಸ್ಥೆಯ ಹೆಸರನ್ನು ಬಿಬ್ ಫೈಲಿನಲ್ಲಿ ಎರಡೆರಡು ಹೂ-ಆವರಣದೊಳಗೆ ಹಾಕದಿದ್ದರೆ ಬಿಬ್‌ಟೆಕ್ ಅದನ್ನು ಮನುಷ್ಯರ ಹೆಸರು ಎಂದುಕೊಂಡು ಕೊನೆಯ ಪದವನ್ನು ಮನೆತನದ ಹೆಸರು ಮಾಡಿಬಿಡುತ್ತದೆ. ಪಟ್ಟಿಯಲ್ಲಿ 'ಸ್ಟಾಫ್' ಎಂಬ ಹೆಸರಿನ ಲೇಖಕರು ಕಂಡರೆ ಕಾರಣ ಇದೇ.

ನಮ್ಮವರ ಹೆಸರುಗಳದು ಇನ್ನೂ ಬೇರೆ ಕಥೆ. ನಮ್ಮ ಕಡೆ ಹೆಸರಿನ ಹಿಂದೆ ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ, ಜರ್ನಲ್ಲುಗಳು ಆ ಇನಿಷಿಯಲ್ಲನ್ನೇ ಮನೆತನದ ಹೆಸರಾಗಿ ದಾಖಲಿಸಿರುತ್ತವೆ. ಡಿಒಐ (ಪ್ರತಿ ಲೇಖನಕ್ಕೂ ಇರುವ ಗುರುತಿನ ಸಂಖ್ಯೆ) ಕೊಟ್ಟು ಝೊಟೆರೊಗೆ ತಂದರೆ ಕೀಯಲ್ಲಿ ಒಂದೇ ಒಂದು ಅಕ್ಷರ, ಮುಂದೆ ವರ್ಷ. 'ಕೆ' ಎಂಬ ಲೇಖಕರು ನನ್ನ ಲೈಬ್ರರಿಯಲ್ಲಿ ಬೇಕಾದಷ್ಟು ಜನ ಇದ್ದರು. ಅದನ್ನು ತಿದ್ದಿ ಹೆಸರು ಸರಿ ಮಾಡಿದರೆ ಕೀ ಬದಲಾಗುತ್ತದೆ. ಕೀ ಬದಲಾದರೆ ಅಧ್ಯಾಯದಲ್ಲಿ ಚಿಹ್ನೆ ಬರುತ್ತದೆ. ಲೇಖಕರ ಹೆಸರಿಗೆ ಮರ್ಯಾದೆ ಕೊಡಲು ಹೋದರೆ ಥೀಸಿಸ್ ಒಡೆಯುವ ಪರಿಸ್ಥಿತಿ ಇದು, ನಿಜಕ್ಕೂ ಬೇಸರ ತಂದ ವಿಷಯ. ಪ್ರೀಪ್ರಿಂಟ್ (ಜರ್ನಲ್ಲಿಗೆ ಮೊದಲೇ ಹೊರಬಂದ ಕರಡು) ಆಗಿದ್ದದ್ದು ಜರ್ನಲ್ಲಿನಲ್ಲಿ ಬಂದಾಗ ವರ್ಷ ತಿದ್ದಿದರೂ ಇದೇ ಪಾಡು.

ಇಷ್ಟಾದರೂ ಪ್ರಶ್ನಾರ್ಥಕ ಚಿಹ್ನೆಗೆ ನಾನು ಈಗ ಹೆದರುವುದಿಲ್ಲ. ಅದು ಕಣ್ಣಿಗೆ ಕಾಣುತ್ತದೆ. ಹೆದರಬೇಕಾದದ್ದು ಕಾಣದೆ ಬದಲಾಗುವ ಕೀಗೆ.

ಅದು ತಿಳಿದದ್ದು ಹೀಗೆ. ಅಂತರ್ಜಲದ ಬಗ್ಗೆ ಒಂದೇ ಇಲಾಖೆ, ಒಂದೇ ವರ್ಷ ಹೊರತಂದ ಜಿಲ್ಲಾವಾರು ವರದಿಗಳು ನನ್ನ ಹತ್ತಿರ ಇದ್ದವು: ಬಳ್ಳಾರಿಯದು, ರಾಯಚೂರಿನದು. ಲೇಖಕರ ಜಾಗದಲ್ಲಿ ಇಲಾಖೆಯ ಹೆಸರು, ವರ್ಷ ಒಂದೇ, ಶೀರ್ಷಿಕೆಯ ಮೊದಲ ಪದಗಳೂ ಒಂದೇ. ಇಂಥ ಕಡೆ ಸಾಫ್ಟ್‌ವೇರ್ ಕೀಯ ಕೊನೆಗೆ ಎ, ಬಿ ಎಂದು ಅಕ್ಷರ ಸೇರಿಸಿ ಬೇರೆ ಮಾಡುತ್ತದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಬಳ್ಳಾರಿಗೆ ಎ, ರಾಯಚೂರಿಗೆ ಬಿ ಬಿದ್ದಿತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಲೈಬ್ರರಿ ಸಿಂಕ್ ಆಗಿ ಬಂದಾಗ ಅಕ್ಷರಗಳು ಅದಲುಬದಲಾದವು. ನಾನು ಬಳಸಿದ ಝೊಟೆರೊ 7 ಸಿಂಕ್ ಮಾಡುತ್ತಿದ್ದುದು ಪುಸ್ತಕದ ವಿವರಗಳನ್ನು; ಝೊಟೆರೊಗೆ ಸೇರಿಸಿಕೊಳ್ಳುವ ಬೆಟರ್ ಬಿಬ್‌ಟೆಕ್ ಎಂಬ ಪ್ಲಗಿನ್ ಕಟ್ಟುವ ಕೀಯನ್ನು ಪಿನ್ ಮಾಡದೇ, ಅಂದರೆ ಬದಲಾಗದಂತೆ ಕಟ್ಟಿಹಾಕದೇ, ಬಿಟ್ಟರೆ ಅದು ಆ ಕಂಪ್ಯೂಟರಿಗೆ ಮಾತ್ರ ಸೀಮಿತವಾಗಿತ್ತು, ಇನ್ನೊಂದರಲ್ಲಿ ಹೊಸದಾಗಿ ಲೆಕ್ಕವಾಗುತ್ತಿತ್ತು. ಎರಡೂ ಕೀ ಎರಡೂ ಕಡೆ ಇದ್ದುದರಿಂದ ಒಂದೂ ಎಚ್ಚರಿಕೆ ಬರಲಿಲ್ಲ, ಒಂದೂ ಚಿಹ್ನೆ ಬರಲಿಲ್ಲ. ಪಿಡಿಎಫ್ ನೋಡಲು ಚೊಕ್ಕಟ.

ಕಂಡುಹಿಡಿದದ್ದು ಗೈಡ್. ಅವರು ಸಿರುಗುಪ್ಪ ಕಡೆಯವರು, ಆ ನೀರಿನ ರುಚಿಯೇ ಗೊತ್ತು ಅವರಿಗೆ. ಡ್ರಾಫ್ಟ್ ಓದುತ್ತಾ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, "ಇಲ್ಲಿ ಸಿರುಗುಪ್ಪದ ಬೋರ್‌ವೆಲ್ ಮಾತು ನಡದೈತಿ, ಹಿಂದ ಪಟ್ಟಿಯೊಳಗ ನೋಡಿದ್ರ ರಾಯಚೂರು ವರದಿ ಐತಲ್ಲಮ್ಮಾ, ಯಾಕ?" ಎಂದರು. ಆ ಗೆರೆ ನೋಡಿ ಕೈಕಾಲು ತಣ್ಣಗಾದವು. ಈ ಒಂದು ಹೀಗಾಗಿದ್ದರೆ ಇನ್ನೆಷ್ಟು ಆಗಿವೆಯೋ! ಭತ್ತ ಮೀಟರಿಗೆ 3.0 ಡೆಸಿಸೀಮೆನ್ಸ್‌ವರೆಗಿನ ಉಪ್ಪು ತಡೆಯುತ್ತದೆ, ಹತ್ತಿ 7.7ರವರೆಗೆ ಎಂದು ಬರೆದು ಮಾಸ್ ಮತ್ತು ಹಾಫ್‌ಮನ್ ಅವರ 1977ರ ಲೇಖನ ತೋರಿಸಿದ್ದೇನೆ. ಆ ಜಾಗದಲ್ಲಿ ಬೇರೆ ಯಾವುದೋ ಲೇಖನ ಕೂತಿದ್ದರೆ ಪರೀಕ್ಷಕರು ಅಂಕಿಯನ್ನು ಹೇಗೆ ನಂಬಬೇಕು? ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸರ್ ಅವರಿಗೆ ಫೋನ್ ಮಾಡಿ, ಸಬ್ಮಿಶನ್ ಮುಂದಕ್ಕೆ ಹಾಕೋಣ ಸರ್, ಒಂದೊಂದನ್ನೂ ನೋಡಿಯೇ ಕೊಡುತ್ತೇನೆ ಎಂದೆ. ಅವರು ಒಪ್ಪಿದರು. ಅದಕ್ಕಾಗಿ ಅವಧಿ ವಿಸ್ತರಣೆಯ ಅರ್ಜಿ, ಗೈಡ್ ಸಹಿ, ವಿಭಾಗ ಮುಖ್ಯಸ್ಥರ ಸಹಿ, ಶುಲ್ಕದ ಚಲನ್ ಎಲ್ಲ ಬೇಕಾಯಿತು. ನಿಮ್ಮ ಕೊನೆಯ ದಿನಾಂಕ ಹತ್ತಿರ ಇದ್ದರೆ ಈ ಅರ್ಜಿಯನ್ನು ಮೊದಲು ಕೊಡಿ, ಆಮೇಲೆ ಕೀಗಳ ಕೆಲಸಕ್ಕೆ ಕೈ ಹಾಕಿ. ಸಹಿಗಳು ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ.

ಮೊದಲು ಮಾಡಿದ್ದು ಮೂವರೂ ಕೂತು ಒಂದು ಲೈಬ್ರರಿಯೇ ಮೂಲ ಎಂದು ಒಪ್ಪಿಕೊಂಡದ್ದು. ಝೊಟೆರೊದಲ್ಲಿ ಒಂದು ಗ್ರೂಪ್ ಲೈಬ್ರರಿ ತೆರೆದೆ. ಇದಕ್ಕೆ ದುಡ್ಡಿಲ್ಲ, ಉಚಿತವಾಗಿ ಸಿಗುವ 300 ಎಂಬಿ ಮಿತಿ ಇರುವುದು ಪಿಡಿಎಫ್‌ಗಳಂಥ ಲಗತ್ತುಗಳಿಗೆ, ಬರೀ ವಿವರಗಳಿಗೆ ಮಿತಿಯಿಲ್ಲ. ಪಿಡಿಎಫ್‌ಗಳನ್ನು ಹೊರಗಿಟ್ಟೆವು. ಸರ್ ಮತ್ತು ಮೇಡಂ ತಮ್ಮ ಲೈಬ್ರರಿಗಳನ್ನು ಬಿಡಬೇಕಾಗಿಲ್ಲ, ಆದರೆ ಥೀಸಿಸ್ಸಿಗೆ ಬಿಬ್ ಫೈಲ್ ಬರುವುದು ಇಲ್ಲಿಂದ ಮಾತ್ರ. ಹಿರಿಯರಿಗೆ ಇದನ್ನು ಹೇಳುವುದು ಮುಜುಗರ ಎನಿಸಬಹುದು. ಮೇಡಂ ಮಾತ್ರ ಸಲೀಸಾಗಿ, "ನಾನು ಹೊಸದು ಕಂಡ್ರ ಡಿಒಐ ವಾಟ್ಸಾಪ್ ಮಾಡ್ತೀನಿ, ಸೇರಿಸೋದು ನೀ ನೋಡ್ಕೋ" ಎಂದರು. ಕೊನೆವರೆಗೂ ಹಾಗೇ ನಡೆಯಿತು.

ಮುಂದಿನದು ಕೀ ಹೇಗಿರಬೇಕೆಂಬ ತೀರ್ಮಾನ. ಎಲ್ಲ ಚಿಕ್ಕ ಅಕ್ಷರ. ಲೇಖಕ, ವರ್ಷ, ಶೀರ್ಷಿಕೆಯ ಒಂದು ಪದ. ಚಿಕ್ಕ ಅಕ್ಷರ ಯಾಕೆಂದರೆ ಒಂದು ಕಡೆ ದೊಡ್ಡಕ್ಷರದ ರಿಚರ್ಡ್ಸ್, ಇನ್ನೊಂದು ಕಡೆ ಚಿಕ್ಕಕ್ಷರದ ರಿಚರ್ಡ್ಸ್ ಇದ್ದರೆ ಬಿಬ್‌ಟೆಕ್ ಕೇಸ್ ಮಿಸ್‌ಮ್ಯಾಚ್ ಎಂದು ತಪ್ಪು ತೋರಿಸುತ್ತದೆ. ಬಿಬ್‌ಟೆಕ್ ಬದಲು ಬಳಸುವ ಬೈಬರ್ ಎಂಬ ಸಾಧನ ಆದರೆ ಅವೆರಡೂ ಬೇರೆ ಬೇರೆ ಕೀ ಎಂದೇ ತಿಳಿಯುತ್ತದೆ. ಜಿಲ್ಲಾವಾರು ವರದಿಗಳಿಗೆ ಈ ಸೂತ್ರ ಸಾಲದು, ಆಗಲೇ ಹೇಳಿದ ಹಾಗೆ. ಅಂಥವಕ್ಕೆ ಕೈಯಾರೆ ಜಿಲ್ಲೆಯ ಹೆಸರು ಸೇರಿಸಿದೆ: ಒಂದು 'ಇಲಾಖೆ, ವರ್ಷ, ಬಳ್ಳಾರಿ', ಇನ್ನೊಂದು 'ಇಲಾಖೆ, ವರ್ಷ, ರಾಯಚೂರು'. ಎ, ಬಿ ಎಂಬ ಬಾಲ ಒಂದು ಕೀಗೂ ಉಳಿಯದ ಹಾಗೆ ನೋಡಿಕೊಂಡೆ. ಕನ್ನಡ ಪುಸ್ತಕಗಳೂ ಕೆಲವಿದ್ದವು. ಅವುಗಳ ಶೀರ್ಷಿಕೆ, ಲೇಖಕರ ಹೆಸರು ಕನ್ನಡ ಲಿಪಿಯಲ್ಲೇ ಇರಲಿ, ಕೀ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಕೀಯೊಳಗೆ ಖಾಲಿ ಜಾಗ, ಅಲ್ಪವಿರಾಮ, ಶೇಕಡಾ ಚಿಹ್ನೆ ಬರಕೂಡದು.

ಬೆಟರ್ ಬಿಬ್‌ಟೆಕ್ ಝೊಟೆರೊ ಜೊತೆ ಬರುವುದಿಲ್ಲ, ಬೇರೆಯಾಗಿ ಇಳಿಸಿಕೊಂಡು ಪ್ಲಗಿನ್ ಆಗಿ ಸೇರಿಸಬೇಕು. ಇದೂ ಉಚಿತ. ಅದರ ಸೆಟ್ಟಿಂಗ್‌ನಲ್ಲಿ ಸೂತ್ರ ಬರೆದು, ಎಲ್ಲ ಐಟಂ ಆಯ್ದು, ಕೀ ರಿಫ್ರೆಶ್ ಮಾಡಿ, ಆಮೇಲೆ ಪಿನ್ ಮಾಡಿದೆ. ಈ ಪಿನ್ ಮಾಡುವುದೇ ಇಡೀ ಕೆಲಸದ ಜೀವ. ನನ್ನ ಹತ್ತಿರ ಇದ್ದ ಝೊಟೆರೊ 7ರಲ್ಲಿ ಪಿನ್ ಆದ ಕೀ ಆ ಐಟಂನ 'ಎಕ್ಸ್‌ಟ್ರಾ' ಜಾಗದಲ್ಲಿ ಒಂದು ಸಾಲಾಗಿ ಬರೆದುಕೊಳ್ಳುತ್ತದೆ. ಅದು ಪುಸ್ತಕದ ವಿವರದ ಭಾಗವೇ ಆದ್ದರಿಂದ ಸಿಂಕ್ ಆಗುತ್ತದೆ, ಲ್ಯಾಬಿನಲ್ಲೂ ಮನೆಯಲ್ಲೂ ಒಂದೇ ಇರುತ್ತದೆ. ಆಮೇಲೆ ಲೇಖಕರ ಹೆಸರು ತಿದ್ದಿ, ವರ್ಷ ತಿದ್ದಿ, ಕೀ ಅಲುಗುವುದಿಲ್ಲ. 'ಕೆ' ಎಂಬ ಲೇಖಕರಿಗೆಲ್ಲ ಅವರವರ ಹೆಸರು ಸಿಕ್ಕಿದ್ದು ಇದಾದ ಮೇಲೆ, ಯಾವ ಭಯವೂ ಇಲ್ಲದೆ.

ಒಂದು ಎಚ್ಚರಿಕೆ: ಡುಪ್ಲಿಕೇಟ್‌ಗಳನ್ನು ಮರ್ಜ್ ಮಾಡುವ ಕೆಲಸವನ್ನು ಪಿನ್ ಮಾಡುವ ಮೊದಲು ಮುಗಿಸಿ. ಎರಡು ಐಟಂ ಮರ್ಜ್ ಆದರೆ ಕೀಯಾಗಿ ಉಳಿಯುವುದು ಒಂದು. ರೆಫರೆನ್ಸ್‌ಗಳಿಗೆ ಬೈಬ್‌ಲೇಟೆಕ್ ಎಂಬ ಹೊಸ ಪ್ಯಾಕೇಜ್ ಬಳಸುವವರಾದರೆ ಹಳೆಯ ಕೀಯನ್ನು ಅಡ್ಡಹೆಸರಾಗಿ ಇಟ್ಟುಕೊಳ್ಳಲು 'ಐಡಿಎಸ್' ಎಂಬ ಫೀಲ್ಡ್ ಇದೆ. ನಮ್ಮ ಟೆಂಪ್ಲೇಟ್ ಹಳೆಯ ಬಿಬ್‌ಟೆಕ್ ಮತ್ತು ನ್ಯಾಟ್‌ಬಿಬ್ ಪ್ಯಾಕೇಜ್ ಮೇಲೆ ನಿಂತದ್ದು, ಆ ಸೌಕರ್ಯ ನಮಗಿರಲಿಲ್ಲ.

ಈಗ ಅತಿ ಹೆಚ್ಚು ಹೊತ್ತು ತಿಂದ ಭಾಗ: ಅಧ್ಯಾಯಗಳೊಳಗಿನ ಹಳೆಯ ಕೀಗಳನ್ನು ಹೊಸದಕ್ಕೆ ಬದಲಿಸುವುದು. ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಮೊದಲ ಕಾಲಂನಲ್ಲಿ ಹಳೆಯ ಕೀ, ಎರಡನೆಯದರಲ್ಲಿ ಅದು ಬಂದ ಬಿಬ್ ಫೈಲ್ ಮತ್ತು ಅಧ್ಯಾಯ, ಮೂರನೆಯದರಲ್ಲಿ ಡಿಒಐ, ನಾಲ್ಕನೆಯದರಲ್ಲಿ ಹೊಸ ಕೀ. ಡಿಒಐ ಇದ್ದವುಗಳನ್ನು ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ತಾನೇ ಹೊಂದಿಸಿತು. ಕೆಲವು ಕಡೆ ಡಿಒಐ ಪೂರ್ತಿ ವೆಬ್ ವಿಳಾಸದ ರೂಪದಲ್ಲಿತ್ತು, ಕೆಲವು ಕಡೆ ಬರೀ ಸಂಖ್ಯೆ. ಅಕ್ಷರಗಳೂ ದೊಡ್ಡದು ಚಿಕ್ಕದು ಬೆರೆತಿದ್ದವು. ವಿಳಾಸದ ಭಾಗ ತೆಗೆದು, ಎಲ್ಲ ಚಿಕ್ಕ ಅಕ್ಷರ ಮಾಡಿ ಹೋಲಿಸಬೇಕು. ಡಿಒಐ ಇಲ್ಲದವು ನಮ್ಮ ವಿಷಯದಲ್ಲಿ ಬಹಳ: ಹ್ಯಾಂಡ್‌ಬುಕ್ 60, ಆಹಾರ ಮತ್ತು ಕೃಷಿ ಸಂಸ್ಥೆಯ ನೀರಾವರಿ ಪ್ರಬಂಧ 29, ಇಲಾಖಾ ವರದಿಗಳು, ಹಳೆಯ ಥೀಸಿಸ್‌ಗಳು. ಆ ಪ್ರಬಂಧ 29 ಕೂಡ 1976ರದು ಬೇರೆ, 1985ರ ಪರಿಷ್ಕೃತ ಆವೃತ್ತಿ ಬೇರೆ, ಲೇಖಕರು ಅವರೇ. ಯಾವ ಅಧ್ಯಾಯ ಯಾವುದನ್ನು ಹೇಳುತ್ತಿದೆ ಎಂದು ಪುಟ ತೆಗೆದು ನೋಡಬೇಕಾಯಿತು. ಹಳೆಯ ಕೆಲವು ವರದಿಗಳ ಮುಖಪುಟ ನೋಡಲು ಗಂಗಾವತಿ ಕೃಷಿ ಸಂಶೋಧನಾ ಕೇಂದ್ರಕ್ಕೂ ಹೋಗಿ ಬಂದೆ. ಚೌಳು ಮಣ್ಣಿನ ಕೆಲಸ ಅಲ್ಲಿ ಬಹುಕಾಲದಿಂದ ನಡೆದಿದೆ, ಬೇಕಾದ ವರದಿ ಕೈಗೆ ಕೊಟ್ಟು ಕೂರಲು ಮೇಜು ಕೊಟ್ಟರು.

ಬದಲಿಸುವಾಗ ಎರಡು ಗುಂಡಿಗಳಿವೆ, ಬೀಳಬೇಡಿ. ಎಡಿಟರಿನ ಸಾದಾ ಫೈಂಡ್-ರಿಪ್ಲೇಸ್‌ನಲ್ಲಿ ವರ್ಷಕ್ಕೆ ಮುಗಿಯುವ ಕೀಯನ್ನು ಬದಲಿಸಿದರೆ, ಅದೇ ಕೀಗೆ ಎ ಸೇರಿದ್ದೂ ಅರ್ಧ ಬದಲಾಗಿ ಹಾಳಾಗುತ್ತದೆ. ಪೂರ್ತಿ ಪದ ಮಾತ್ರ ಹಿಡಿಯುವ ಹಾಗೆ ಹುಡುಕಬೇಕು. ಇನ್ನೊಂದು, ಅದಲುಬದಲಾದ ಕೀಗಳು. ಎ ಇದ್ದದ್ದನ್ನೆಲ್ಲ ಬಿ ಮಾಡಿ, ಆಮೇಲೆ ಬಿ ಇದ್ದದ್ದನ್ನೆಲ್ಲ ಎ ಮಾಡಿದರೆ ಎಲ್ಲವೂ ಎ ಆಗಿಬಿಡುತ್ತದೆ, ಯಾವುದು ಯಾವುದಿತ್ತೆಂದು ಹೇಳಲು ಯಾರಿಂದಲೂ ಆಗದು. ಮೊದಲ ಸುತ್ತಿನಲ್ಲಿ ಎಲ್ಲ ಹಳೆಯ ಕೀಗಳನ್ನೂ ತಾತ್ಕಾಲಿಕ ಸಂಖ್ಯೆಗಳಾಗಿ ಮಾಡಿ, ಎರಡನೇ ಸುತ್ತಿನಲ್ಲಿ ಆ ಸಂಖ್ಯೆಗಳನ್ನು ಹೊಸ ಕೀ ಮಾಡಿ. ಇದನ್ನು ಒಂದೊಂದು ಅಧ್ಯಾಯಕ್ಕೂ ಬೇರೆಬೇರೆಯಾಗಿ ಮಾಡಿ, ಯಾಕೆಂದರೆ ಒಂದೇ ಹಳೆಯ ಕೀ ಎರಡು ಅಧ್ಯಾಯಗಳಲ್ಲಿ ಎರಡು ಬೇರೆ ಲೇಖನಗಳಿಗೆ ಇರಬಹುದು. ನಮ್ಮಲ್ಲಿ ಇತ್ತು. ಶುರು ಮಾಡುವ ಮೊದಲು ಇಡೀ ಫೋಲ್ಡರ್ ಗಿಟ್‌ನಲ್ಲಿ (ಫೈಲ್‌ಗಳ ಹಳೆಯ ರೂಪಗಳನ್ನು ಕಾಯ್ದಿಡುವ ಸಾಧನ) ಕಮಿಟ್ ಆಗಿರಲಿ. ಗಿಟ್ ಬರದವರು ಪೆನ್‌ಡ್ರೈವಿನಲ್ಲಿ ತಾರೀಖು ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ.

ಬದಲಿಸಿದ ಮೇಲೆ ಹಿಂದಿನ ಕಂಪೈಲ್‌ನಲ್ಲಿ ತಾನಾಗಿ ಹುಟ್ಟಿದ ಆಕ್ಸ್ ಮತ್ತು ಬಿಬಿಎಲ್ ಫೈಲ್‌ಗಳನ್ನು ಅಳಿಸಿ ಹೊಸದಾಗಿ ಕಂಪೈಲ್ ಮಾಡಿ: ಲೇಟೆಕ್ ಒಮ್ಮೆ, ಬಿಬ್‌ಟೆಕ್ ಒಮ್ಮೆ, ಮತ್ತೆ ಲೇಟೆಕ್ ಎರಡು ಸಲ. ಹಳೆಯ ಬಿಬಿಎಲ್ ಉಳಿದರೆ ಹಳೆಯ ಪಟ್ಟಿಯೇ ಕಾಣುತ್ತಿರುತ್ತದೆ. ನಮ್ಮ ಲ್ಯಾಬಿನಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಬಿಬ್‌ಟೆಕ್ ಅರ್ಧಕ್ಕೆ ನಿಂತ ದಿನ ಹೀಗೇ ಆಗಿ, ಇಲ್ಲದ ತಪ್ಪನ್ನು ಸಂಜೆವರೆಗೂ ಹುಡುಕಿದೆವು. ಲೇಟೆಕ್ ಸಾಫ್ಟ್‌ವೇರ್‌ಗಳ ಕಟ್ಟಾದ ಟೆಕ್ ಲೈವ್ ಜೊತೆಗೇ ಬರುವ ಚೆಕ್‌ಸೈಟ್ಸ್ ಎಂಬ ಸಣ್ಣ ಸಾಧನ ಇದೆ. ಪಠ್ಯದಲ್ಲಿದ್ದು ಬಿಬ್ ಫೈಲಿನಲ್ಲಿ ಇಲ್ಲದ್ದು, ಬಿಬ್ ಫೈಲಿನಲ್ಲಿದ್ದು ಎಲ್ಲೂ ಬಳಸದ್ದು, ಎರಡನ್ನೂ ಪಟ್ಟಿ ಮಾಡಿ ಕೊಡುತ್ತದೆ. ಅದು ಏನೂ ಇಲ್ಲ ಎಂದು ಹೇಳಿದ ದಿನ ಸಂತೋಷವಾಯಿತು ನಿಜ, ಆದರೆ ಸರಿಯಾದ ಕೀ ಸರಿಯಾದ ಸಾಲಿನಲ್ಲಿದೆಯೇ ಎಂದು ಯಾವ ಸಾಧನವೂ ಹೇಳಲಾರದು.

ಅದಕ್ಕೆ ಕಣ್ಣೇ ಬೇಕು. ಶೋಕೀಸ್ ಎಂಬ ಪ್ಯಾಕೇಜ್ ಹಾಕಿದರೆ ಕೀಗಳು ಪುಟದ ಮೇಲೇ ಅಚ್ಚಾಗುತ್ತವೆ. ಹಾಗೆ ಒಂದು ಪ್ರತಿ ತೆಗೆಸಿದೆ, ರಾಯಲ್ ಸರ್ಕಲ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ, ಕಪ್ಪು-ಬಿಳುಪು ಪುಟಕ್ಕೆ 2 ರೂಪಾಯಿ. ಜೂನಿಯರ್ ಹುಡುಗಿ ಎದುರು ಕೂತು ಕೀ ಓದುತ್ತಾ ಹೋದಳು, ನಾನು ಝೊಟೆರೊದಲ್ಲಿ ಅದನ್ನು ತೆಗೆದು ಶೀರ್ಷಿಕೆ ಓದಿ ಹೇಳುತ್ತಿದ್ದೆ, ಅವಳು ಸಾಲಿನ ಅರ್ಥಕ್ಕೆ ಹೊಂದುತ್ತದೋ ನೋಡಿ ಟಿಕ್ ಹಾಕುತ್ತಿದ್ದಳು. ಎರಡನೇ ಅಧ್ಯಾಯದ ಮಧ್ಯದಲ್ಲಿ ಅವಳು ತಲೆ ಎತ್ತಿ, "ಅಕ್ಕಾ, ಇದು ಹತ್ತಿ ಬಗ್ಗೆ ಸಾಲು, ನೀವು ಓದಿದ್ದು ಕಬ್ಬಿನ ಪೇಪರ್ ಅಲ್ವಾ?" ಎಂದಳು. ಹೌದು, ಒಬ್ಬರೇ ಲೇಖಕರು, ಒಂದೇ ವರ್ಷ, ಹಳೆಯ ಎ-ಬಿ ಬಾಲದ ಉಳಿಕೆ. ಇಂಥವು ಬೆರಳೆಣಿಕೆಯಷ್ಟು ಸಿಕ್ಕವು. ಸಿಕ್ಕದ್ದಕ್ಕೆ ಈಗಲೂ ಸಮಾಧಾನ. ಈ ಕೆಲಸವನ್ನು ಒಬ್ಬರೇ ಮಾಡಬೇಡಿ, ನಮ್ಮ ಬರಹದ ಸಾಲನ್ನು ನಮ್ಮ ಕಣ್ಣು ಸಲೀಸಾಗಿ ದಾಟಿಬಿಡುತ್ತದೆ.

ಪ್ಲೇಜಿಯರಿಸಂ ಪರೀಕ್ಷೆ ಇದಾದ ಮೇಲೆ ಬೇಗ ಆಯಿತು. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ರೆಫರೆನ್ಸ್ ಪಟ್ಟಿಯನ್ನು ಆ ಲೆಕ್ಕದಿಂದ ಬಿಡುತ್ತಾರೆ. ಕಳಿಸುವ ಪಿಡಿಎಫ್‌ನಿಂದ ಶೋಕೀಸ್ ತೆಗೆದಿರುವುದನ್ನು ಖಚಿತ ಮಾಡಿಕೊಳ್ಳಿ. ಬೈಂಡಿಂಗ್‌ಗೆ ಹೋದಾಗ ಬಣ್ಣದ ಪುಟಕ್ಕೆ 10 ರೂಪಾಯಿ ಆಯಿತು. ನಕ್ಷೆಗಳಿರುವ ಪುಟಗಳ ಸಂಖ್ಯೆ ಮೊದಲೇ ಬರೆದುಕೊಟ್ಟರೆ ಅವನ್ನು ಮಾತ್ರ ಬಣ್ಣದಲ್ಲಿ ತೆಗೆದುಕೊಡುತ್ತಾರೆ, ದುಡ್ಡು ಉಳಿಯುತ್ತದೆ.

ಥೀಸಿಸ್‌ಗಳನ್ನು ಆನ್‌ಲೈನಿನಲ್ಲಿ ಇಡುವ ಶೋಧಗಂಗಾಕ್ಕೆ ಅಧ್ಯಾಯವಾರು ಪಿಡಿಎಫ್ ಕೊಡಬೇಕು, ಇದು ಕೊನೆಯಲ್ಲಿ ಎದುರಾಗುತ್ತದೆ. ಒಂದೊಂದು ಅಧ್ಯಾಯವನ್ನು ಬೇರೆಯಾಗಿ ಕಂಪೈಲ್ ಮಾಡಲು ಹೋದರೆ ಅಂಕಿ ಶೈಲಿಯ ರೆಫರೆನ್ಸ್‌ಗಳು ಪ್ರತಿ ಅಧ್ಯಾಯದಲ್ಲೂ ಒಂದರಿಂದ ಶುರುವಾಗುತ್ತವೆ, ಅಚ್ಚಾದ ಪ್ರತಿಗೆ ತಾಳೆಯಾಗುವುದಿಲ್ಲ. ಸಹಿಯಾದ ಅಂತಿಮ ಪಿಡಿಎಫ್ ಅನ್ನೇ ಪುಟಗಳ ಲೆಕ್ಕದಲ್ಲಿ ಕತ್ತರಿಸಿ, ರೆಫರೆನ್ಸ್ ಪಟ್ಟಿಯನ್ನು ಒಂದು ಪ್ರತ್ಯೇಕ ಫೈಲ್ ಮಾಡಿ ಕೊಡಿ. ಅದೇ ಪೆನ್‌ಡ್ರೈವಿನಲ್ಲಿ ಬಿಬ್ ಫೈಲಿನ ಅಂತಿಮ ಪ್ರತಿಯನ್ನೂ ಹಳೆ-ಹೊಸ ಕೀಗಳ ಸ್ಪ್ರೆಡ್‌ಶೀಟನ್ನೂ ಇಟ್ಟುಕೊಂಡಿದ್ದೇನೆ. ಪರೀಕ್ಷಕರ ತಿದ್ದುಪಡಿ ಬಂದಾಗ ಸರ್ ತಮ್ಮ ಹಳೆಯ ಪೇಪರಿನ ಫೈಲಿನಿಂದ ಒಂದು ಪ್ಯಾರಾ ಕಳಿಸಿದರೂ ಅದರ ಕೀಗಳನ್ನು ಆ ಸ್ಪ್ರೆಡ್‌ಶೀಟ್ ನೋಡಿ ಬದಲಿಸಬಹುದು.